ಸೋಮವಾರ ಬರಬೇಕಿದ್ದವಳು ಮಂಗಳವಾರ ಬಂದಳು

ಸ್ವಯಂ ನಿರ್ವಹಣಾ ತರಬೇತಿ ಕಚೇರಿಯ ಮಾನ್ಯ ನಿರ್ದೇಶಕರೇ,

ನನ್ನ ತಂಗಿಗೆ ಸಮಯಪಾಲನೆ ಬರುವುದಿಲ್ಲವಾದ್ದರಿಂದ ಅವಳಿಗೆ ಸಮಯಪಾಲನೆ ಕಲಿಸಲಾಗದು ಎಂದು ತೀರ್ಮಾನಿಸಿ ತಾವು ಅವಳ ಕಡತ ಮುಚ್ಚಿದ್ದೀರಿ. ಹೊಲಿಗೆ ನನ್ನ ಕಸುಬು. ತಮ್ಮ ಪತ್ರದ ಎರಡನೆಯ ಸಾಲಿಗೆ ಬಂದಾಗ ಕತ್ತರಿ ಕೆಳಗಿಟ್ಟೆ. ಅದು ಕೈಯಲ್ಲಿರುವಾಗ ಇಂಥವನ್ನೆಲ್ಲ ಓದಬಾರದು. ಇನ್ನು ಮುಂದೆ ಜ್ವರವಿಲ್ಲದವರನ್ನು ಮಾತ್ರ ದಾಖಲಿಸಿಕೊಳ್ಳಿ ಎಂದು ಆಸ್ಪತ್ರೆಗಳಿಗೂ ತಾವು ಸಲಹೆ ನೀಡಬಹುದಲ್ಲವೇ?

ತಂಗಿ ನರ್ಸಿಂಗ್ ಓದುತ್ತಾಳೆ. ಸೂಜಿ ಚುಚ್ಚಿದ್ದು ರೋಗಿಗೆ ಗೊತ್ತೇ ಆಗದಷ್ಟು ಹದವಾದ ಕೈ. ಆದರೆ ಯಾವ ಕೆಲಸ ಮೊದಲು, ಯಾವುದು ಆಮೇಲೆ, ಹೊರಡುವುದು ಯಾವಾಗ ಎಂಬುದು ಅವಳ ತಲೆಯಲ್ಲಿ ಸಾಲಾಗಿ ನಿಲ್ಲುವುದಿಲ್ಲ. ಒಂದು ಕಾಲಿಗೆ ಬೂಟು ಹಾಕಿಕೊಂಡು ಇನ್ನೊಂದನ್ನು ಹುಡುಕಲು ಹೋದವಳು ಕಪಾಟು ಜೋಡಿಸುತ್ತಾ ಕೂತಿರುತ್ತಾಳೆ. ಸೋಮಾರಿ, ಬೇಜವಾಬ್ದಾರಿ ಎಂದು ನಾನೂ ವರ್ಷಗಟ್ಟಲೆ ಬೈದಿದ್ದೇನೆ. ಈಗ ನಾಚಿಕೆಯಾಗುತ್ತದೆ. ತರಬೇತಿ ಮುಂದುವರಿದಿದೆ ಎಂಬ ತಮ್ಮ ಪತ್ರವನ್ನು ಈ ತಿಂಗಳೊಳಗೆ ತಾರದಿದ್ದರೆ ವಾರ್ಡಿಗೆ ಬಿಡುವುದಿಲ್ಲ ಎಂದು ಅವಳ ಪ್ರಾಂಶುಪಾಲರು ಹೇಳಿಬಿಟ್ಟಿದ್ದಾರೆ. ವಾರ್ಡಿಲ್ಲದೆ ಓದೂ ಇಲ್ಲ.

ಹಾಗೆಂದು ತಮ್ಮ ತರಬೇತಿ ಕೆಟ್ಟದ್ದೆಂದು ಹೇಳಿದರೆ ನನ್ನ ನಾಲಿಗೆ ಬಿದ್ದುಹೋದೀತು. ಮೂರು ವಾರ ಪ್ರಾಯೋಗಿಕವಾಗಿ ಬಂದ ತರಬೇತುದಾರ್ತಿ ಚಿನ್ನದಂಥ ಹೆಂಗಸು. ಮೊದಲ ದಿನ ನನ್ನ ಅಂಗಡಿಯಲ್ಲೇ ಕೂತು, ಕತ್ತರಿಸಿದ ಬಟ್ಟೆಗೆಲ್ಲ ನಾನು ಹೊಲಿಯುವ ಕ್ರಮದಲ್ಲಿ ಚೀಟಿ ಸಿಕ್ಕಿಸುವುದನ್ನು ನೋಡುತ್ತಿದ್ದರು. ಆಮೇಲೆ ತಂಗಿಯನ್ನು ಕೇಳಿದರು.

“ನಿಮ್ಮಕ್ಕ ಇದನ್ನೆಲ್ಲ ತಲೇಲಿ ಇಟ್ಕೊಂಡಿದಾರಾ?”

“ಇಲ್ಲ, ಚೀಟೀಲಿ.”

“ಮತ್ತೆ ನೀನೊಬ್ಬಳೇ ಯಾಕಮ್ಮ ತಲೇಲಿ ಇಟ್ಕೋಬೇಕು?”

ಅಂದೇ ನಮ್ಮ ಮನೆಬಾಗಿಲಿಗೆ ಒಂದು ದಾರ ಬಂತು. ದಾರದಲ್ಲಿ ಚೀಟಿಗಳು: ಬೂಟು, ಗುರುತಿನ ಕಾರ್ಡು, ಬಸ್ಸು. ಮುಗಿದದ್ದನ್ನು ಕಿತ್ತು ಡಬ್ಬಿಗೆ ಹಾಕುವುದು. ಮೂರನೆಯ ವಾರ ಅವಳು ಒಂದು ದಿನವೂ ತಡಮಾಡಲಿಲ್ಲ.

ದೇವರು ವರ ಕೊಟ್ಟರೂ ಪೂಜಾರಿ ಕೊಡಬೇಕಲ್ಲ. ತರಬೇತಿ ಮುಂದುವರಿಯಲು ಹದಿನಾಲ್ಕು ಪುಟದ ಅರ್ಜಿ. ಅರ್ಜಿದಾರರೇ ತುಂಬಬೇಕು, ತರಬೇತುದಾರರು ಹತ್ತಿರ ಸುಳಿಯಬಾರದು, ಮನೆಯವರು ನೆನಪಿಸಕೂಡದು, ಸೋಮವಾರ ಹತ್ತು ಗಂಟೆಗೆ ಖುದ್ದಾಗಿ ತಂದೊಪ್ಪಿಸಬೇಕು. ಇಷ್ಟೆಲ್ಲ ಮಾಡಬಲ್ಲವರಿಗೆ ತಮ್ಮ ತರಬೇತಿ ಏಕೆ ಬೇಕು, ಸ್ವಾಮಿ? ಆ ಸೋಮವಾರ ಹತ್ತು ಹೊಡೆದಾಗ ತಂಗಿ ಮನೆಯಲ್ಲಿ ಹಾಡು ಗುನುಗುತ್ತಾ ಹದಿಮೂರನೆಯ ಪುಟ ತುಂಬುತ್ತಿದ್ದಳು. ನಾನು ತಮ್ಮ ನಿಯಮಕ್ಕೆ ಹೆದರಿ, ಬಾಯಿಗೆ ಬೀಗ ಹಾಕಿಕೊಂಡು ಪಕ್ಕದಲ್ಲೇ ಕಾಜಾ ಹೊಲಿಯುತ್ತಿದ್ದೆ. ಆ ಕಾಜಾಗಳನ್ನೆಲ್ಲ ಆಮೇಲೆ ಬಿಚ್ಚಬೇಕಾಯಿತು.

ಹದಿನಾಲ್ಕೂ ಪುಟ ಅಚ್ಚುಕಟ್ಟಾಗಿ ತುಂಬಿ ಅವಳು ಹತ್ತಕ್ಕೆ ಐದು ನಿಮಿಷ ಮುಂಚೆಯೇ ತಮ್ಮ ಕಚೇರಿಯಲ್ಲಿದ್ದಳು. ಮಂಗಳವಾರ.

“ನಿನ್ನೆ ಬರ್ಬೇಕಿತ್ತಲ್ಲಮ್ಮ. ಆಸಕ್ತಿ ಇಲ್ಲ ಅಂತ ಬರೆದಾಯ್ತು,” ಎಂದರಂತೆ ತಮ್ಮ ಗುಮಾಸ್ತರು.

“ಆಸಕ್ತಿ ಇದೆ ಸರ್, ಅದಕ್ಕೇ ಬಂದಿದೀನಿ.”

ಮನೆಗೆ ಬಂದವಳೇ ದಾರದ ಚೀಟಿಗಳನ್ನೆಲ್ಲ ಕಿತ್ತೆಸೆದಳು. ನಾನು ಒಂದೊಂದಾಗಿ ಹೆಕ್ಕಿ ಡಬ್ಬಿಗೆ ಹಾಕಿದೆ.

ಅಂದಹಾಗೆ, ಮೂರು ದಿನದಲ್ಲಿ ಬರುತ್ತದೆಂದು ಗುಮಾಸ್ತರು ಹೇಳಿದ್ದ ತಮ್ಮ ತಿರಸ್ಕಾರ ಪತ್ರ ಹತ್ತೊಂಬತ್ತನೆಯ ದಿನ ಬಂತು. ಪತ್ರದ ತಲೆಯಲ್ಲಿ ಹೋದ ವರ್ಷದ ಇಸವಿ. ಪುರಾಣ ಹೇಳೋದಕ್ಕೆ, ಬದನೆಕಾಯಿ ತಿನ್ನೋದಕ್ಕೆ! ತಮ್ಮ ಕಚೇರಿಗೂ ಆಸಕ್ತಿಯಿಲ್ಲ ಎಂದು ನಾವು ಬರೆದುಕೊಳ್ಳೋಣವೇ?

ಶುಕ್ರವಾರದೊಳಗೆ ಕಡತ ತೆರೆಯಿರಿ. ಅದೇ ತರಬೇತುದಾರ್ತಿಯನ್ನು ಕಳಿಸಿ. ನೆನಪಿಸಕೂಡದು ಎಂಬ ಆ ಸಾಲನ್ನು ಹೊಡೆದುಹಾಕಿ. ಮನೆಯವರು ನೆನಪಿಸದೆ ಯಾವ ಅಧಿಕಾರಿ ಎಲ್ಲಿಗೆ ಸರಿಯಾಗಿ ಹೋಗಿದ್ದಾರೆ?

ಕೊನೆಯದಾಗಿ ಒಂದು ತಪ್ಪೊಪ್ಪಿಗೆ. ಈ ಪತ್ರವನ್ನು ಇಲ್ಲಿಯವರೆಗೆ ಬರೆದಿಟ್ಟು, ಅಂಗಡಿಯ ಗಡಿಬಿಡಿಯಲ್ಲಿ ನಾಲ್ಕು ದಿನ ಮರೆತೇಬಿಟ್ಟಿದ್ದೆ. ಇಂದು ಬೆಳಿಗ್ಗೆ ನೋಡಿದರೆ ಬಾಗಿಲಿನ ಖಾಲಿ ದಾರದಲ್ಲಿ ಒಂದೇ ಒಂದು ಚೀಟಿ, ತಂಗಿಯ ಅಕ್ಷರ: “ಅಕ್ಕಾ, ಪತ್ರ ಹಾಕು.”

ಇಂತಿ,
ಇನ್ನೊಬ್ಬರು ನೆನಪಿಸಿದ್ದರಿಂದ ತಮ್ಮ ನಿಯಮದ ಪ್ರಕಾರ ತಾನೂ ಅನರ್ಹಳಾದ
ಒಬ್ಬ ದರ್ಜಿ, ಅವಳ ಅಕ್ಕ