ನೆರೆಬಾಯಿ

ಹಿರೇಮುಗಳಿ
ಕೂಡುವರ್ಷ ತೊಂಬತ್ತೊಂದು, ಸೀಗೆಹುಣ್ಣಿಮೆಯ ಮರುದಿನ

ಕರೇಹಳ್ಳದ ಎರಡೂ ದಂಡೆಗಳಲ್ಲಿ ಈಗ ಪಂಚಾಯ್ತಿ ನಡೆಸುತ್ತಿರುವ ಹಿರಿಯರಿಗೆ, ಹಿರೇಮುಗಳಿ ಗ್ರಾಮ ಪಂಚಾಯ್ತಿಯ ಅಧ್ಯಕ್ಷೆ ನೀಲಗಂಗವ್ವ ಕಡ್ಲಿಯ ಶರಣು.

ಮೇಲಿನ ತಾರೀಖು ನಿಮ್ಮ ಯಾವ ಕ್ಯಾಲೆಂಡರಿನಲ್ಲೂ ಸಿಗುವುದಿಲ್ಲ, ಹುಡುಕಬೇಡಿ. ಏಳು ಊರುಗಳು ಒಂದಾಗಿ ಕೂತ ವರ್ಷದಿಂದ ನಾವು ವರ್ಷ ಎಣಿಸುತ್ತೇವೆ. ಆ ವರ್ಷ ನಿಮಗಿನ್ನೂ ಬಂದಿಲ್ಲ. ನನ್ನ ಮಾತಿನಲ್ಲಿ ಕೆಲವು ಪದಗಳು ನಿಮಗೆ ವಿಚಿತ್ರ ಅನ್ನಿಸಿದರೆ ಮನ್ನಿಸಿ. ನಿಮ್ಮ ಪದಗಳೂ ನಮಗೆ ಹಾಗೆಯೇ ಅನ್ನಿಸುತ್ತವೆ. ನಿಮ್ಮ ಕಾಲದ ಸಭೆಗಳ ಧ್ವನಿಮುದ್ರಣ ನಮ್ಮ ಶಾಲೆಯಲ್ಲಿ ಇಟ್ಟಿದ್ದೇವೆ. ಅದರಲ್ಲಿ ಎಲ್ಲರೂ ಎದ್ದೆದ್ದು ನಿಂತು ಅನುದಾನ, ಅನುದಾನ ಎಂದು ಕೂಗುವುದನ್ನು ಕೇಳಿ ಮಕ್ಕಳು ಅದು ನಿಮ್ಮ ಕಾಲದ ಯಾವುದೋ ದೇವರ ಹೆಸರು ಅಂದುಕೊಂಡಿದ್ದರು. ನಗಬೇಡಿ, ಅವರನ್ನು ತಿದ್ದಲು ಮೇಷ್ಟ್ರಿಗೆ ಸಾಕುಬೇಕಾಯಿತು.

ಮೊದಲು ನಮ್ಮ ದಿನದ ಬದುಕು ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಮುಂದಿನದು ತಿಳಿಯುವುದಿಲ್ಲ. ಎರೆಮಣ್ಣು ನಿಮಗೆ ಅಂಟಿದ ಹಾಗೆಯೇ ನಮಗೂ ಅಂಟುತ್ತದೆ, ಅದರಲ್ಲಿ ಏನೂ ಬದಲಾಗಿಲ್ಲ. ಆದರೆ ಕರೇಹಳ್ಳ ಈಗ ಮಳೆಗಾಲಕ್ಕೊಮ್ಮೆ ಅಲ್ಲ, ಮನಸ್ಸು ಬಂದಾಗ ಉಕ್ಕುತ್ತದೆ. ಅದಕ್ಕೇ ನಮ್ಮಲ್ಲಿ ತೇಲುದಾರಿ ಇದೆ. ನೀರು ಏರಿದ ಹಾಗೆ ದಾರಿಯೂ ತಾನೇ ಮೇಲೆದ್ದು ತೇಲುತ್ತದೆ, ನೀರು ಇಳಿದರೆ ಮತ್ತೆ ನೆಲಕ್ಕೆ ಕೂರುತ್ತದೆ. ಎಮ್ಮೆಗಳು ಮೊದಮೊದಲು ಅದರ ಮೇಲೆ ಕಾಲಿಡಲು ಒಪ್ಪಲಿಲ್ಲವಂತೆ. ಈಗ ಅವು ದಾರಿಯ ನಡುವೆ ಮಲಗಿ ಮೆಲುಕು ಹಾಕುತ್ತವೆ, ಎಬ್ಬಿಸುವುದೇ ಕಷ್ಟ. ಸುತ್ತುದವಾಖಾನೆ ಎಂಬುದೊಂದಿದೆ. ಅದು ಒಂದು ಸಂತೆಯಿಂದ ಮುಂದಿನ ಸಂತೆಯವರೆಗೆ ಒಂದೊಂದು ಊರಲ್ಲಿ ನಿಲ್ಲುತ್ತದೆ, ಹೆರಿಗೆ ಹತ್ತಿರ ಬಂದವರಿದ್ದರೆ ಸರದಿ ಬಿಟ್ಟು ಅವರ ಬಾಗಿಲಿಗೇ ಬರುತ್ತದೆ. ಬೋರ್‌ವೆಲ್ ಕೆಟ್ಟರೆ, ದನಕ್ಕೆ ಜ್ವರ ಬಂದರೆ, ಸೂರ್ಯಹಲಗೆ ಒಡೆದರೆ ಕೈಕೂಟದವರು ಬರುತ್ತಾರೆ. ಏಳೂ ಊರಿನವರು ಸೇರಿ ಸಾಕಿರುವ ಕೆಲಸಗಾರರ ತಂಡ ಅದು. ಮಧ್ಯಾಹ್ನಕ್ಕೆ ರೊಟ್ಟಿ, ಪುಂಡಿಪಲ್ಯ, ಗುರೆಳ್ಳು ಚಟ್ನಿ. ಇದೊಂದನ್ನು ಯಾವ ಕಾಲವೂ ನಮ್ಮಿಂದ ಕಸಿದುಕೊಂಡಿಲ್ಲ.

ಇಷ್ಟೆಲ್ಲ ಹೇಗೆ ಬಂತು ಎಂದರೆ, ನಾವು ಹೆಮ್ಮೆಯಿಂದ ಹೇಳುವ ಉತ್ತರ ಒಂದೇ: ನೆರೆಬಾಯಿ. ನಮ್ಮಲ್ಲಿ ಯಾವ ಊರೂ ತನಗಾಗಿ ತಾನು ಕೇಳುವುದಿಲ್ಲ. ರಾಜಧಾನಿಯ ಅಹವಾಲು ಸಭೆಯಲ್ಲಿ ಒಂದು ಊರಿನ ಮಾತನ್ನು ಅದರ ನೆರೆಯ ಊರಿನ ಅಧ್ಯಕ್ಷರು ಆಡಬೇಕು, ಆ ಊರಿನವರು ಹಿಂದೆ ಕೂತು ಬಾಯಿ ಮುಚ್ಚಿಕೊಂಡಿರಬೇಕು. ನಡುವೆ ಬಾಯಿ ಹಾಕಿದರೆ ಆ ವರ್ಷ ಅವರ ವಿಷಯ ಬಿದ್ದುಹೋದಂತೆ. ಇದಕ್ಕೆ ಮುಂಚೆ ದಂಡೆವಾಸ ಇರುತ್ತದೆ, ಅಂದರೆ ಮಾತಾಡುವವರು ಹೋಗಿ ಆ ಊರಲ್ಲಿ ಕೆಲಕಾಲ ಉಳಿದು, ಮನೆಮನೆಯಲ್ಲಿ ಉಂಡು, ಕಣ್ಣಾರೆ ನೋಡಿಕೊಂಡು ಬರಬೇಕು. ಏಳೂ ಊರಿನ ಮಾತು ಹೀಗೆ ಒಂದರದು ಇನ್ನೊಂದರ ಬಾಯಿಂದ ಬರುತ್ತದೆ. ಅದನ್ನು ತಳ್ಳಿಹಾಕಿದ ಸರಕಾರ ಇದುವರೆಗೆ ಬಂದಿಲ್ಲ.

ಇದು ಹುಟ್ಟಿದ್ದು ಒಂದು ತಪ್ಪಿನಿಂದ. ಮುಗಳಿ ಎಂಬ ಹೆಸರಿನಿಂದ ನೀವು ಪಡುತ್ತಿರುವ ಪಾಡು ನನಗೆ ಗೊತ್ತು. ಹಿರೇಮುಗಳಿಗೆ ಮಂಜೂರಾದ ಶಾಲೆ ಕೋಣೆ ಚಿಕ್ಕಮುಗಳಿಯಲ್ಲಿ ಏಳುತ್ತದೆ, ಚಿಕ್ಕಮುಗಳಿಯ ಟ್ರಾನ್ಸ್‌ಫಾರ್ಮರ್ ಹಿರೇಮುಗಳಿಯಲ್ಲಿ ಇಳಿಯುತ್ತದೆ, ಎರಡೂ ಊರಿನವರು ಮುಖ ತಿರುಗಿಸಿಕೊಂಡು ಓಡಾಡುತ್ತೀರಿ. ಮುಂದೆ ಒಂದು ದೊಡ್ಡ ನೆರೆಯ ವರ್ಷ ಚಿಕ್ಕಮುಗಳಿಯ ಅಧ್ಯಕ್ಷೆ ಚನ್ನವೀರವ್ವ ರಾಜಧಾನಿಗೆ ಹೋಗಿ ಕೂತಿರುತ್ತಾರೆ. ಆಕೆ ಈಗ ನಿಮ್ಮ ನಡುವೆಯೇ ಇದ್ದಾರೆ, ಆ ಹೆಸರಿನವರಲ್ಲಿ ಯಾರೆಂದು ನಾನು ಬೆರಳು ಮಾಡುವುದಿಲ್ಲ. ಗುಮಾಸ್ತರು ಬರಿಯ ‘ಮುಗಳಿ’ ಎಂದು ಕೂಗುತ್ತಾರೆ, ಆಕೆ ಎದ್ದು ನಿಲ್ಲುತ್ತಾರೆ. ಮೇಜಿನ ಮೇಲಿರುವುದು ಹಿರೇಮುಗಳಿಯ ಸೇತುವೆ ವಿಷಯ. ಹಿರೇಮುಗಳಿಯವರು ಬಂದಿಲ್ಲ, ಹಳ್ಳ ಅವರನ್ನು ದಾಟಲು ಬಿಟ್ಟಿಲ್ಲ. ಚನ್ನವೀರವ್ವ ತಮ್ಮ ದಂಡೆಯಿಂದ ತಾವು ಕಂಡದ್ದನ್ನೆಲ್ಲ ಹೇಳಿಬಿಡುತ್ತಾರೆ. ಬಾಣಂತಿಯನ್ನು ಮಂಚದ ಮೇಲೆ ಹೊತ್ತು ತಂದು ನೀರಿನ ಮುಂದೆ ನಿಂತವರನ್ನು, ಈಚೆಯಿಂದ ತಾವು ಕೂಗಿದ್ದನ್ನು, ಆಚೆಯವರಿಗೆ ಕೇಳಿಸದೆ ಹೋದದ್ದನ್ನು. ಕೊನೆಗೆ ಇದು ನಮ್ಮೂರಲ್ಲ ಎಂದಾಗ ಅಧಿಕಾರಿ ರೇಗಿದರಂತೆ, ಹಾಗಾದರೆ ನೀವೇಕೆ ಮಾತಾಡಿದಿರಿ ಎಂದು. “ಅವ್ರು ಹೇಳಿದ್ರ ಬೇಡಾಕ ಬಂದಾರ ಅಂತೀರಿ, ಸಾಹೇಬ್ರ. ನಾ ಹೇಳಿದ್ರ ಸಾಕ್ಷಿ ಆಗತೈತಿ” ಎಂದರಂತೆ ಆಕೆ. ಆ ವರ್ಷ ಸೇತುವೆ ಬಂತು, ಸರಿಯಾದ ಮುಗಳಿಗೇ ಬಂತು. ನೆರೆಯಲ್ಲಿ ಹುಟ್ಟಿದ ಬಾಯಿ, ನೆರೆಯವರ ಬಾಯಿ. ಹೆಸರಿಗೆ ಎರಡೂ ಅರ್ಥ ಸಲ್ಲುತ್ತವೆ.

ಈಗ ನನ್ನ ಸಂಕಟಕ್ಕೆ ಬರುತ್ತೇನೆ. ಹಿರೇಮುಗಳಿ ಈಗ ಹೆಸರಿಗಷ್ಟೇ ಹಿರೇ. ನಮ್ಮ ತಗ್ಗಿನ ಹೊಲಗಳನ್ನು ಹಳ್ಳಕ್ಕೇ ಬಿಟ್ಟುಕೊಟ್ಟ ಮೇಲೆ ಅರ್ಧ ಊರು ಎತ್ತರದ ಚಿಕ್ಕಮುಗಳಿಗೆ ಹೋಗಿ ನೆಲೆಸಿತು. ಈ ವರ್ಷ ಸರಕಾರ ಒಂದು ಕಾಯ್ದೆ ತಂದಿತು, ನಾವು ಅದನ್ನು ಸಣ್ಣೂರು ಕಾಯ್ದೆ ಎನ್ನುತ್ತೇವೆ. ಜನ ಕಡಿಮೆಯಾದ ಪಂಚಾಯ್ತಿಯನ್ನು ಮುಚ್ಚಿ ಪಕ್ಕದ ದೊಡ್ಡ ಪಂಚಾಯ್ತಿಗೆ ಸೇರಿಸುವುದು. ನಮ್ಮನ್ನು ಚಿಕ್ಕಮುಗಳಿಗೆ ಸೇರಿಸುವುದೆಂದು ಗೊತ್ತಾಯಿತು. ಉಳಿಸಿಕೊಳ್ಳಲು ಒಂದೇ ಅವಕಾಶ ಅಹವಾಲು ಸಭೆ. ಅಲ್ಲಿ ನಮ್ಮ ಪರವಾಗಿ ಮಾತಾಡಬೇಕಾದವನು ಯಾರು? ಚಿಕ್ಕಮುಗಳಿಯ ಅಧ್ಯಕ್ಷ ರಾಜೇಸಾಬ ನದಾಫ. ನಮ್ಮ ಕೆರೆ, ನಮ್ಮ ಗೋಮಾಳ, ನಮ್ಮ ಕಟ್ಟೆ ಎಲ್ಲವೂ ಅವನಿಗೆ ಕುಳಿತಲ್ಲೇ ದಕ್ಕುವುದಿತ್ತು. ಅವನು ಸುಮ್ಮನೆ ಎರಡು ಒಣಮಾತು ಆಡಿ ಕೂತರೆ ಸಾಕಿತ್ತು.

ನಮ್ಮೂರಿನವರು ನನ್ನ ಮನೆಯ ಮುಂದೆ ಬಂದು ಕೂತರು. ಪದ್ಧತಿ ಗಿದ್ಧತಿ ಬಿಡು, ನೀನೇ ಎದ್ದು ಮಾತಾಡು ಎಂದರು. ನನಗೂ ಹಾಗೇ ಅನ್ನಿಸಿತ್ತು, ಸುಳ್ಳು ಹೇಳುವುದಿಲ್ಲ. ನನ್ನ ಸಿಟ್ಟು ಈ ಏಳೂ ಊರಿಗೆ ಗೊತ್ತು. ಆದರೆ ನಾನು ಬಾಯಿ ತೆರೆದರೆ ಪಂಚಾಯ್ತಿಯ ಜೊತೆಗೆ ನೆರೆಬಾಯಿಯೂ ಹೋಗುತ್ತಿತ್ತು. ಹಲ್ಲು ಕಚ್ಚಿಕೊಂಡು ರಾಜೇಸಾಬನನ್ನು ದಂಡೆವಾಸಕ್ಕೆ ಕರೆದೆ. ಬಂದ, ಮನೆಮನೆ ತಿರುಗಿದ, ಎಲ್ಲದರಲ್ಲೂ ಕೊಂಕು ತೆಗೆದ. “ಅಕ್ಕಾ, ನಿಮ್ಮೂರ ರೊಟ್ಟಿ ಯಾಕ ಇಷ್ಟು ದಪ್ಪ? ಬಡಿಯೂದು ಮರ್ತೀರೇನು?” ಎಂದ. “ತಿನ್ನೂ ಬಾಯಿಗೆ ಮಾತು ಹೆಚ್ಚಾದ್ರ ರೊಟ್ಟಿ ದಪ್ಪ ಅನಸ್ತೈತಿ, ತಮ್ಮಾ” ಎಂದೆ. ನಕ್ಕು ಇನ್ನೊಂದು ಹಾಕಿಸಿಕೊಂಡ. ಏನು ಮಾತಾಡುತ್ತೀ ಎಂದು ಕೇಳುವಂತಿರಲಿಲ್ಲ, ಪದ್ಧತಿಗೆ ವಿರುದ್ಧ. ಅವನಾಗಿ ಹೇಳಲೂ ಇಲ್ಲ. ಅವನ ಊರಿನ ಜನ ಮಾತ್ರ ತೇಲುದಾರಿಯ ಮೇಲೆ ನಮ್ಮವರನ್ನು ಕಂಡಾಗಲೆಲ್ಲ, ಇನ್ನು ಸ್ವಲ್ಪ ದಿನ, ಆಮೇಲೆ ನೀವೂ ನಮ್ಮವರೇ ಎಂದು ಕಿಚಾಯಿಸುತ್ತಿದ್ದರು. ನನಗೆ ಮೈಯೆಲ್ಲ ಉರಿಯುತ್ತಿತ್ತು.

ಸಭೆಯ ದಿನ ನಾನು ಹಿಂದಿನ ಸಾಲಿನಲ್ಲಿ ಕೂತೆ. ರಾಜೇಸಾಬ ಎದ್ದು ನಿಂತ. ಸಭೆ ನಡೆಸುತ್ತಿದ್ದ ಆಯುಕ್ತೆ ಮೊದಲ ಪ್ರಶ್ನೆಯನ್ನೇ ನೇರವಾಗಿ ಕೇಳಿದರು, ಹಿರೇಮುಗಳಿ ನಿಮಗೆ ಸೇರಿದರೆ ನಿಮಗೆ ಲಾಭವಲ್ಲವೇ ಎಂದು. “ಲಾಭ ಐತ್ರೀ, ಸುಳ್ಳು ಯಾಕ ಹೇಳ್ಲಿ” ಎಂದ. ಮುಂದೆ ನಮ್ಮ ಊರಿನ ಹುಳುಕನ್ನೆಲ್ಲ ಹೇಳತೊಡಗಿದ. ಕಟ್ಟೆಯ ಹೂಳು ತೆಗೆಸಿಲ್ಲ, ಗ್ರಾಮಸಭೆಗೆ ಜನ ತಡವಾಗಿ ಬರುತ್ತಾರೆ, ಅಧ್ಯಕ್ಷೆಯ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಎಲ್ಲವೂ ನಿಜ. ಎದ್ದು ಅವನ ಕುತ್ತಿಗೆ ಹಿಡಿಯಬೇಕು ಅನ್ನಿಸಿತು. ಸೆರಗನ್ನು ಬಾಯಿಗೆ ತುರುಕಿಕೊಂಡು ಕೂತೆ.

ಆಮೇಲೆ ಅವನು ಹೇಳಿದ್ದನ್ನು ಅವನ ಮಾತಿನಲ್ಲೇ ಬರೆಯುತ್ತೇನೆ. “ಮೇಡಮ್ಮಾರ, ಈ ಊರು ನನಗ ಸೇರಿದ್ರ ಅವರ ಕೆರಿ ನಂದಾಗತೈತಿ, ಅವರ ಗೋಮಾಳ ನಂದಾಗತೈತಿ. ಆದ್ರ ನನ್ನ ಊರಿನ ಮಾತು ಆಡಾವ್ರು ಯಾರು? ನಮ್ಮ ದಂಡಿ ಕುಸಿದ್ರ ಆಚಿ ದಂಡ್ಯಾಗ ನಿಂತು ನೋಡಾವ್ರು ಅವರು. ನಮ್ಮ ತಪ್ಪು ಮುಖದ ಮ್ಯಾಲ ಹೇಳಾವ್ರೂ ಅವರ. ಅವರನ್ನ ನನ್ನೊಳಗ ಸೇರಿಸಿದ್ರ ನಾ ನನ್ನ ಬಗ್ಗೆ ನಾನ ಹೇಳ್ಕೋಬೇಕು, ನೀವು ಅದನ್ನ ಬೇಡೂದು ಅಂತೀರಿ. ಹಿರೇಮುಗಳಿ ಮುಚ್ಚಿದ್ರ ಅವರೇನು ಮೂಕರಾಗಂಗಿಲ್ರೀ. ಮೂಕರಾಗಾವ್ರು ನಾವು.”

ಆಯುಕ್ತೆ ಪಕ್ಕದವರೊಡನೆ ಏನೋ ಚರ್ಚಿಸಿದರು. ಹಿರೇಮುಗಳಿ ಪಂಚಾಯ್ತಿ ಇದ್ದಂತೆಯೇ ಮುಂದುವರಿಯುತ್ತದೆ, ನೆರೆಬಾಯಿ ಇರುವ ಕಡೆ ಈ ಕಾಯ್ದೆ ಅನ್ವಯಿಸುವುದಿಲ್ಲ ಎಂದು ಅಲ್ಲೇ ಘೋಷಿಸಿದರು. ನಾನು ಅತ್ತೆ. ಅಳು ಮುಗಿಯುವ ಮೊದಲೇ ಗುಮಾಸ್ತರು ಮುಂದಿನ ವಿಷಯ ಕೂಗಿದರು, ಚಿಕ್ಕಮುಗಳಿಯ ದಂಡೆ ಕುಸಿತ. ಅದರ ಬಾಯಿ ನಾನು. ಕಣ್ಣೊರೆಸಿಕೊಂಡು ಎದ್ದೆ. ಯಾವ ಊರಿನವರು ಎಂದು ಕೇಳಿದರು. ಹಿರೇಮುಗಳಿ ಗ್ರಾಮ ಪಂಚಾಯ್ತಿ ಅಧ್ಯಕ್ಷೆ ಎಂದೆ. ಅಷ್ಟು ಜೋರಾಗಿ ನಾನು ಎಂದೂ ಹೇಳಿರಲಿಲ್ಲ.

ಹಿರಿಯರೇ, ನಿಮ್ಮಿಂದ ನನಗೆ ಬೇಕಾದದ್ದು ಸಣ್ಣದು. ನೀವು ಒಬ್ಬೊಬ್ಬರೇ ಹಾರ, ಶಾಲು, ಮನವಿ ಹಿಡಿದು ದೊಡ್ಡ ಕಚೇರಿಗಳಿಗೆ ಹೋಗುತ್ತೀರಿ. ನಿಮ್ಮ ಸರದಿ ಮುಗಿದ ತಕ್ಷಣ ಫೋಟೋ ತೆಗೆಸಿಕೊಂಡು ಹೊರಡುತ್ತೀರಿ. ಹಾಗೆ ಹೊರಡಬೇಡಿ. ಪಕ್ಕದ ಊರಿನವರ ಸರದಿ ಬರುವವರೆಗೆ ಕೂತಿರಿ, ಅವರು ಏನು ಕೇಳುತ್ತಾರೋ ಕೇಳಿಸಿಕೊಳ್ಳಿ, ಕಂಡದ್ದಿದ್ದರೆ ಎದ್ದು ಹೌದು ಎನ್ನಿ. ಉಳಿದದ್ದನ್ನು ಚನ್ನವೀರವ್ವ ನೋಡಿಕೊಳ್ಳುತ್ತಾರೆ.

ಚಿಕ್ಕಮುಗಳಿಯ ಮಾತನ್ನು ನಾನು ಹೇಗೆ ಆಡಿದೆ, ದಂಡೆ ಕಟ್ಟಿಸಲು ಒಪ್ಪಿಸಿದೆನೋ ಇಲ್ಲವೋ ಎಂದು ನೀವು ಕೇಳಬಹುದು. ಅದನ್ನು ನಾನು ಹೇಳಬಾರದು. ರಾಜೇಸಾಬನನ್ನು ಕೇಳಿ.

ನಿಮ್ಮ ಮರಿಮಕ್ಕಳ ಮರಿಮಗಳು,
ನೀಲಗಂಗವ್ವ ಕಡ್ಲಿ