ಕೊನೆಯ ಎಲೆ, ನಲವತ್ತು ಗುಂಡಿ

ಸೋಮವಾರ, ಮಾರ್ಚ್ ೯

ಚಿರಂಜೀವಿ ತಿರುಪುಳಿಗೆ,

ನಿನ್ನ ಸೋದರಮಾವನ ಆಶೀರ್ವಾದ. ನಿನ್ನ ಕಾಗದ ಬಂದು ಮೂರು ವಾರವಾಯಿತು, ಬೈಯಬೇಡ. ಬ್ಯಾಂಡಿನವರ ಹದಿನಾರು ಕೋಟು ತಲೆಯ ಮೇಲೆ ಕೂತಿದ್ದವು. ಹಡಗಿನ ಇಂಜಿನ್ ಕೋಣೆಯಲ್ಲಿ ಸೆಖೆ ಎಂದು ಬರೆದಿದ್ದೀಯ. ನನ್ನ ಇಸ್ತ್ರಿಪೆಟ್ಟಿಗೆಯ ಪಕ್ಕ ಒಂದು ದಿನ ನಿಂತು ನೋಡು, ಆಮೇಲೆ ಮಾತಾಡು.

ಈಗ ಏನನ್ನಾದರೂ ಗಟ್ಟಿಯಾಗಿ ಹಿಡಿದುಕೋ. ಏಳನೇ ಕ್ಲಾಸಿಗೇ ಸ್ಕೂಲು ಬಿಟ್ಟ ನಿನ್ನ ಮಾವ ನಿನ್ನೆ ಪೋಕರ್‌ನಲ್ಲಿ ನಿಮ್ಮಪ್ಪನಿಗೆ ಮಣ್ಣು ಮುಕ್ಕಿಸಿದ!

ನಮ್ಮ ಭಾನುವಾರದ ಆಟ ಗೊತ್ತಲ್ಲ: ನಿಮ್ಮಪ್ಪನ ಗಡಿಯಾರ ರಿಪೇರಿ ಅಂಗಡಿಯ ಹಿಂದಿನ ಕೋಣೆ, ಎಲೆ ಹಂಚಲು ಪಕ್ಕದ ಅಂಗಡಿಯ ಕ್ಷೌರಿಕ, ದುಡ್ಡಿನ ಬದಲು ನನ್ನ ಹೊಲಿಗೆ ಅಂಗಡಿಯ ಗುಂಡಿಗಳು. ಅಂಗಿಯ ಗುಂಡಿ ಒಂದು ರೂಪಾಯಿ ಲೆಕ್ಕ, ಕೋಟಿನದು ಹತ್ತು. ತಿರುಪುಳಿ ಹಿಡಿದೇ ಬೆಳೆದ ನೀನು ಆ ಅಂಗಡಿ ಬಿಟ್ಟು ಹಡಗು ಹತ್ತಿ ಎರಡು ವರ್ಷವಾಯಿತು. ಅವಳೇ ಮೊದಲು ಬರೆಯಲಿ ಎಂದು ಅವರು, ಅಪ್ಪನೇ ಮೊದಲು ಎಂದು ನೀನು. ನಿನ್ನೆ ಕೊನೆಯ ಆಟಕ್ಕೆ ಮುಂಚೆ ನಾನು ಬಾಯಿಬಿಟ್ಟೆ.

"ಭಾವ, ಇದು ನಾನು ಗೆದ್ರೆ ನೀವು ಮಗಳಿಗೆ ಕಾಗದ ಬರೀಬೇಕು."

"ನಾನು ಗೆದ್ರೆ?"

"ಈ ಮನೇಲಿ ಅವಳ ಮಾತು ಇನ್ನು ಎತ್ತಲ್ಲ."

ಅಕ್ಕ ಬಾಗಿಲಲ್ಲೇ ನಿಂತುಬಿಟ್ಟಳು. ನಿಮ್ಮಪ್ಪ ಕ್ಷೌರಿಕನ ಕಡೆ ತಿರುಗಿ, "ಹಾಕಯ್ಯಾ ಎಲೆ" ಎಂದರು.

ನನ್ನ ಕೈಯಲ್ಲಿ ಆಟಿನ್ ರಾಣಿ, ಆಟಿನ್ ಏಳು. ಮೇಜಿನ ಮೇಲೆ, ಇಬ್ಬರಿಗೂ ಸೇರಿದ ಎಲೆಗಳಲ್ಲಿ, ಆಟಿನ್ ರಾಜ, ಆಟಿನ್ ನಾಲ್ಕು, ಬೇರೆ ಜಾತಿಯ ಒಂದು ಎರಡು, ಒಂದು ಒಂಬತ್ತು. ಇನ್ನೊಂದು ಆಟಿನ್ ಬಿದ್ದರೆ ಐದೂ ಒಂದೇ ಜಾತಿ, ನನ್ನದೇ ರಾಜ್ಯ. ಕೊನೆಯದು ಬಿತ್ತು: ಇಸ್ಪೀಟ್ ಒಂಬತ್ತು. ನನ್ನ ಕೈ ಖಾಲಿ ಡಬ್ಬ.

ನಿಮ್ಮಪ್ಪ ಐದು ಕೋಟಿನ ಗುಂಡಿ ಮುಂದಿಟ್ಟರು. ಇಲ್ಲಿ ಪೆದ್ದನಾದವನು ಎಲೆ ಮಗುಚಿ ಪ್ಯಾಕ್ ಆಗುತ್ತಾನೆ. ಅರೆಪೆದ್ದ ಅಷ್ಟೇ ಗುಂಡಿ ಹಾಕಿ ಎಲೆ ತೋರಿಸಿ ಸೋಲುತ್ತಾನೆ. ನಾನು ಅವರ ಕೈ ನೋಡಿದೆ. ಒಳ್ಳೆಯ ಎಲೆ ಬಂದರೆ ನಿಮ್ಮಪ್ಪ ಕೈಗಡಿಯಾರಕ್ಕೆ ಕೀ ಕೊಡುತ್ತಾರೆ. ಮೂವತ್ತು ವರ್ಷದಿಂದ ಇದು ಎಲ್ಲರಿಗೂ ಗೊತ್ತು, ಅವರೊಬ್ಬರಿಗೆ ಗೊತ್ತಿಲ್ಲ. ನಿನ್ನೆ ಬೆರಳು ಗಡಿಯಾರದ ಹತ್ತಿರವೂ ಹೋಗಲಿಲ್ಲ. ಏರಿಸಿದೆ ನೋಡು! ನನ್ನಲ್ಲಿದ್ದ ನಲವತ್ತು ಕೋಟಿನ ಗುಂಡಿಯನ್ನೂ ತಳ್ಳಿಬಿಟ್ಟೆ.

"ಏನೋ, ಒಂಬತ್ತು ಹಿಡ್ಕೊಂಡಿದ್ದೀಯಾ?"

"ಗುಂಡಿ ಹಾಕಿ ನೋಡಿ ಭಾವ. ಬೇಕಾದ್ರೆ ಹೊಲಿದೂ ಕೊಡ್ತೀನಿ."

"ಬೇಗ ಹೇಳಿ ಸ್ವಾಮಿ," ಎಂದ ಕ್ಷೌರಿಕ, "ಕಾದು ಕಾದು ನನಗೇ ಗಡ್ಡ ಬೆಳೀತಿದೆ."

ನಿಮ್ಮಪ್ಪ ನನ್ನ ಮುಖ ನೋಡಿದರು, ಅಕ್ಕನ ಮುಖ ನೋಡಿದರು, ಎಲೆ ಮಗುಚಿದರು. "ಹೋಗು, ಪ್ಯಾಕ್."

ಅಕ್ಕ ಆಗಲೇ ಹಾಳೆ, ಪೆನ್ನು ಹಿಡಿದು ನಿಂತಿದ್ದಳು! ನಿಮ್ಮಪ್ಪ ರಿಪೇರಿ ಮೇಜಿಗೆ ಕೂತು, ಕಣ್ಣಿಗೆ ಮಸೂರ ಸಿಕ್ಕಿಸಿಕೊಂಡೇ ನಾಲ್ಕು ಪುಟ ಬರೆದರು. ಇದೇ ಲಕೋಟೆಯಲ್ಲಿದೆ. ನಾನು ಓದಿಲ್ಲ, ಅಂಟು ಹಾಕಿ ಕೊಟ್ಟರು, ಕಿಲಾಡಿ. ಗೆದ್ದ ಸುದ್ದಿ ಇಡೀ ಬೀದಿಗೆ ಹೇಳಿಯಾಯಿತು. ಇವತ್ತು ಅಳತೆ ಕೊಡಲು ಬಂದವನೊಬ್ಬ ಎರಡು ಸಲ ಕೇಳಿಸಿಕೊಂಡ, ಪಾಪ, ಟೇಪು ಕುತ್ತಿಗೆಗೆ ಸುತ್ತಿತ್ತು.

ನಿನ್ನ ಇಂಜಿನ್ ತಣ್ಣಗಿರಲಿ, ನಿನ್ನ ಊಟ ಬಿಸಿಯಾಗಿರಲಿ. ನೂರು ವರ್ಷ ಬಾಳು.

ಇಂತಿ,
ಸೋಲೆಂದರೇನೆಂದು ಅರಿಯದ ನಿನ್ನ ಮಾವ

ತಾ.ಕ.: ಮೇಲೆ ಒಂದು ಸುಳ್ಳು ಬರೆದಿದ್ದೇನೆ. ನಿಮ್ಮಪ್ಪ ಕೀ ಕೊಟ್ಟರು. ಕಣ್ಣಾರೆ ನೋಡಿಯೂ ಏರಿಸಿದೆ. ಪ್ಯಾಕ್ ಆದರೂ ಸೋಲು, ತೋರಿಸಿದರೂ ಸೋಲು, ಇನ್ನೇನು ಮಾಡಲಿ? ಮಗುಚಿದ ಎಲೆ ಯಾರೂ ನೋಡಬಾರದು ಎಂಬುದು ನಮ್ಮ ಮೇಜಿನ ಕಟ್ಟಳೆ. ಒಟ್ಟುಮಾಡುವಾಗ ಕದ್ದು ನೋಡಿದೆ. ಎರಡು ರಾಜ. ಮೇಜಿನ ಮೇಲಿನದು ಸೇರಿ ಮೂರು ರಾಜ, ಎರಡು ಒಂಬತ್ತು. ಅದನ್ನು ಹಿಡಿದು ಯಾರೂ ಪ್ಯಾಕ್ ಆಗುವುದಿಲ್ಲ ಕಣೇ. ಸೋಲುವುದಕ್ಕೆ ಅವರಿಗೆ ಒಂದು ನೆಪ ಬೇಕಿತ್ತು. ಎರಡು ವರ್ಷ ವಾರವಾರವೂ ಎದುರಿಗೇ ಕೂತಿದ್ದ ನಾನು ಅದನ್ನು ಕೊಡಲಿಲ್ಲ, ಎಲ್ಲಿ ಸೋತುಬಿಡುತ್ತೇನೋ ಎಂದು ಹೆದರಿ. ನೂರು ಭಾನುವಾರ, ತಿರುಪುಳಿ.