ಇಪ್ಪತ್ತು ಗ್ರಾಮಿನ ಬಟ್ಟು

ಮಾರ್ಚ್ 3, ಸೋಮವಾರ. ಬೆಳಿಗ್ಗೆ 7.20

ಹನ್ನೆರಡನೆಯದೂ ಒರೆಸಿ ಆಯಿತು. ಇನ್ನು ಐದು ಬಾಕಿ. ಲಾಡ್ಜಿನ ಮೇಜಿಗೆ ಒಂದು ಕಾಲು ಕುಂಟು, ಪೇಪರ್ ಮಡಿಸಿ ಕೆಳಗೆ ಕೊಟ್ಟಿದ್ದೇನೆ. ಮೇಲೆ ತೂಕದ ಬಟ್ಟುಗಳ ಪೆಟ್ಟಿಗೆ. ಒಳಗೆ ನೀಲಿ ಮಖಮಲ್ಲು, ಒಂದೊಂದು ಬಟ್ಟಿಗೂ ಒಂದೊಂದು ಗುಳಿ. ಚಿಮಟದಲ್ಲೇ ಎತ್ತಬೇಕು, ಇಲ್ಲವೇ ಕೈಗವಸು. ಬರಿಗೈ ತಗಲಿದರೆ ಚರ್ಮದ ಜಿಡ್ಡು ಅಂಟುತ್ತದೆ, ಅಲ್ಲಿಂದ ಬಟ್ಟು ಸುಳ್ಳು ಹೇಳಲು ಶುರು. ನಲವತ್ತೊಂದು ವರ್ಷದ ಕಸುಬು. ಒಂದು ಸಲವೂ ಮುಟ್ಟಿಲ್ಲ. "ನನ್ನ ಕೈನೂ ಇಷ್ಟು ಜೋಪಾನವಾಗಿ ಹಿಡಿದಿದ್ರೆ ಸಾಕಿತ್ತು" ಎನ್ನುತ್ತಿದ್ದಳು ಹೆಂಡತಿ. ಅವಳು ಹೋಗಿ ನಾಲ್ಕು ವರ್ಷ.

ಮಗಳು ಸ್ನಾನಕ್ಕೆ ಹೋಗಿದ್ದಾಳೆ. ಕಡ್ಡಿ ಅಂತಲೇ ಕರೆಯುವುದು, ಮೂವತ್ತು ತುಂಬಿದರೂ. ಅಮ್ಮ ಹೋದ ಮೇಲೆ ಶಾಲೆಯ ಕೆಲಸ ಬಿಟ್ಟು ನನ್ನ ಜೊತೆ ಬಂದಳು. ನಾನು ಕರೆಯಲಿಲ್ಲ. ಬೇಡ ಅನ್ನಲೂ ಇಲ್ಲ.

ಇಲ್ಲಿ ಔಷಧದ ಕಾರ್ಖಾನೆ. ಇಪ್ಪತ್ತೆರಡು ತಕ್ಕಡಿ ಪರೀಕ್ಷಿಸಬೇಕು, ಆರು ದಿನ. ಅಂಗಡಿಯ ತಕ್ಕಡಿಯಲ್ಲ, ಗಾಜಿನ ಗೂಡಿನೊಳಗೆ ಕೂತು ಉಪ್ಪಿನ ಒಂದು ಹರಳಿಗೂ ಲೆಕ್ಕ ಕೇಳುವಂಥವು. ಶಿ ರೀಡ್ಸ್, ಐ ರೈಟ್. ಮೊದಲು ಉಲ್ಟಾ ಇತ್ತು. ಕಣ್ಣು ಈಗ ಕೊನೆಯ ಅಂಕಿಗೆ ಹೊಂದುವುದಿಲ್ಲ.

ಅದೇ ದಿನ, ಸಂಜೆ

ಲ್ಯಾಬಿನ ಮುಖ್ಯಸ್ಥರು ಬಾಗಿಲಲ್ಲೇ ಕಾದಿದ್ದರು. ನನ್ನದೇ ವಯಸ್ಸು, ಇದ್ದರೆ ಒಂದೆರಡು ವರ್ಷ ಹೆಚ್ಚು. ಇಸ್ತ್ರಿ ಮಾಡಿದ ಬಿಳಿ ಕೋಟು. ಮೊದಲು ಕಡ್ಡಿಯನ್ನು ಮಾತಾಡಿಸಿದರು. ಆಮೇಲೆ ನನಗೆ ಕುರ್ಚಿ ಎಳೆದು, "ಹಿರಿಯರು ಕೂತ್ಕೊಳ್ಳಿ" ಅಂದರು. ಹಿರಿಯರಂತೆ. ಇವರ ತಲೆಯ ಕೂದಲು ಎಣಿಸಲು ಹೊರಟರೆ ಬೆಳಗಿನ ತಿಂಡಿಯೊಳಗೆ ಮುಗಿಯುತ್ತದೆ.

ಐ ಆಮ್ ಹ್ಯಾವಿಂಗ್ ಫಾರ್ಟಿ ಒನ್ ಇಯರ್ಸ್ ಎಕ್ಸ್‌ಪೀರಿಯನ್ಸ್ ಅಂದೆ. ಕೇಳಿಸಿತೋ ಇಲ್ಲವೋ. ಅವರು ಕಡ್ಡಿಯ ಕೈ ನೋಡುತ್ತಿದ್ದರು, ಅವಳು ಚಿಮಟ ಹಿಡಿಯುವ ರೀತಿ. ಕಲಿಸಿದ್ದು ನಾನು. ಹಾಗಂತ ಯಾರೂ ಕೇಳಲಿಲ್ಲ.

ಮಾರ್ಚ್ 4, ಮಂಗಳವಾರ. ಸಂಜೆ 6.30

ಊಟಕ್ಕೆ ಕೂತು ಏಳುವಷ್ಟರಲ್ಲಿ ಕಡ್ಡಿಯ ಬಾಯಲ್ಲಿ "ಸರ್ ಹೇಳಿದ್ರು" ಹನ್ನೊಂದು ಸಲ. ಸರ್ ಹೇಳಿದ್ರು, ರೂಮಿನ ಗಾಳಿಯ ತೇವವನ್ನೂ ಬರೆದಿಡಬೇಕಂತೆ. ಸರ್ ಹೇಳಿದ್ರು, ಕಲ್ಲಿನ ಮೇಜೇ ಒಳ್ಳೇದಂತೆ. ಇದನ್ನೆಲ್ಲ ನಾನು ಹೇಳಿಲ್ಲವೇ? ಹೇಳಿದ್ದೇನೆ. ಬಸ್ಸಿನಲ್ಲಿ, ಅಡುಗೆಮನೆಯಲ್ಲಿ, ಅವಳು ಹೂಂ ಹೂಂ ಅನ್ನುತ್ತಿದ್ದಾಗ.

ಇನ್ನೊಂದು. ತಕ್ಕಡಿಯ ಗಾಜು ಸರಿಸುವಾಗ ಕೋಟು— ಲ್ಯಾಬಿನ ಮುಖ್ಯಸ್ಥರನ್ನು ಇನ್ನು ಹೀಗೇ ಬರೆಯುತ್ತೇನೆ— "ಇದರ ಮುಂದೆ ನಿಟ್ಟುಸಿರು ಬಿಡಬೇಡಮ್ಮ, ಅದನ್ನೂ ತೂಗಿಬಿಡುತ್ತೆ" ಅಂದರು. ಕಡ್ಡಿ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು. ಇದು ನನ್ನ ಜೋಕು. ನನ್ನದೂ ಅಲ್ಲ, ಈ ಕಸುಬಿನವರೆಲ್ಲ ಹೇಳುವುದೇ, ಆದರೆ ಅವಳಿಗೆ ಮೊದಲು ಹೇಳಿದವನು ನಾನು. ನಾನು ಹೇಳಿದರೆ "ಅಪ್ಪ, ಸಾಕು" ಅನ್ನುತ್ತಾಳೆ.

ಕಾಲೇಜಿನ ಇಂಗ್ಲಿಷ್ ಮೇಷ್ಟ್ರು ಒಂದು ಇಡೀ ಪೀರಿಯಡ್ ಪಾಠ ಮಾಡಿದ್ದರು— ಎನ್ವಿ ಬೇರೆ, ಜೆಲಸಿ ಬೇರೆ. ಒಂದು ನಮ್ಮ ಹತ್ತಿರ ಇಲ್ಲದ್ದಕ್ಕೆ, ಇನ್ನೊಂದು ಇರುವುದು ಕೈತಪ್ಪುತ್ತದೆ ಅಂತ. ಯಾವುದು ಯಾವುದು, ಮರೆತಿದೆ. ಎರಡೂ ಬಂದಿರಬೇಕು.

ಮಾರ್ಚ್ 5, ಬುಧವಾರ. ಮಧ್ಯಾಹ್ನ, ಕ್ಯಾಂಟೀನು

ಕಡ್ಡಿ ಮೇಲಿನ ಮಹಡಿಯಲ್ಲಿ, ಒಂಬತ್ತನೆಯ ತಕ್ಕಡಿಯ ಹತ್ತಿರ.

ಕೋಟು ಟೀ ಹಿಡಿದುಕೊಂಡು ಬಂದು ಎದುರು ಕೂತರು. ಎರಡು ವಿಷಯ ಹೇಳಿದರು.

ಮೊದಲನೆಯದು: ಕಾರ್ಖಾನೆಯ ತಕ್ಕಡಿಗಳನ್ನೆಲ್ಲ ನೋಡಿಕೊಳ್ಳಲು ಒಬ್ಬರು ಖಾಯಂ ಬೇಕು. ಕಡ್ಡಿಯ ಹೆಸರು ಬರೆದಾಗಿದೆ. ಶುಕ್ರವಾರ ಹೆಡ್ ಆಫೀಸಿನ ಮೇಡಂ ಬರುತ್ತಾರೆ, ಅವರೆದುರು ಒಂದು ಪರೀಕ್ಷೆ. ನಮ್ಮ ಇಪ್ಪತ್ತು ಗ್ರಾಮಿನ ಬಟ್ಟನ್ನು ಹತ್ತು ಸಲ ಇಟ್ಟು ತೆಗೆದು, ಅದರ ಸರ್ಟಿಫಿಕೇಟಿನ ಅಂಕಿಯನ್ನೇ ತಕ್ಕಡಿಯಲ್ಲೂ ತೋರಿಸಬೇಕು. "ಅವಳಿಗೆ ಅದು ನೀರು ಕುಡಿದಷ್ಟು ಸುಲಭ" ಅಂದರು. "ನಿಮಗೇನೂ ಅಭ್ಯಂತರ ಇಲ್ಲ ತಾನೆ?"

"ನನಗೇನಿದೆ" ಅಂದೆ.

ಎರಡನೆಯದು: "ಗಟ್ಟಿ ಹುಡುಗಿ ಕಣ್ರೀ ನಿಮ್ಮ ಮಗಳು. ಆಸ್ಪತ್ರೇಲಿ ದಿನಾ ಅಮ್ಮನ್ನ ಎತ್ತಿ ತೂಕದ ಮಷೀನ್ ಮೇಲೆ ನಿಲ್ಲಿಸ್ತಿದ್ಲಂತೆ. ದಿನಾ ಇಳೀತಿತ್ತಂತೆ. ನಿಮಗೆ ಮಾತ್ರ ಎರಡು ಕಿಲೋ ಸೇರಿಸಿ ಹೇಳ್ತಿದ್ಲಂತಲ್ಲ."

ಹೌದು ಹೌದು ಅಂದೆ. ನಗಲೂ ನೋಡಿದೆ.

ಗೊತ್ತಿರಲಿಲ್ಲ. ಊರೆಲ್ಲ ತೂಗುವವನಿಗೆ ಹೆಂಡತಿಯ ತೂಕ ಗೊತ್ತಿರಲಿಲ್ಲ. ನಲವತ್ತಮೂರು ಅಂದಿದ್ದಳು ಕಡ್ಡಿ, ಕೊನೆಯ ದಿನ. ಪರವಾಗಿಲ್ಲ, ನಿಂತಿದೆ ಅಂದುಕೊಂಡು ಅವತ್ತು ಹೊಟ್ಟೆ ತುಂಬ ಊಟ ಮಾಡಿದ್ದೆ. ನಲವತ್ತೊಂದು ಇತ್ತು ಹಾಗಾದರೆ.

ಸುಳ್ಳು ಹೇಳಿದ್ದಕ್ಕೆ ಅಲ್ಲ ಸಂಕಟ. ನಾಲ್ಕು ವರ್ಷ ಒಂದೇ ಸೂರಿನಡಿ ಇದ್ದು ನನಗೆ ಹೇಳದ್ದನ್ನು ಮೂರು ದಿನದ ಪರಿಚಯದವರಿಗೆ ಹೇಳಿದಳಲ್ಲ. ಟೀ ಕುಡಿಯುತ್ತಾ ಹೇಳಿರಬೇಕು. ಸಕ್ಕರೆ ಬಿಟ್ಟಿದ್ದಾಳೆ ಬೇರೆ, ಅವರು ಬಿಟ್ಟಿದ್ದಾರೆ ಅಂತ.

ಮಾರ್ಚ್ 7, ಶುಕ್ರವಾರ. ಬೆಳಿಗ್ಗೆ 6.10

ನಿನ್ನೆ ಬರೆಯಲಿಲ್ಲ. ಬರೆಯುವಂಥದ್ದಲ್ಲ. ಬರೆಯುತ್ತೇನೆ.

ನಿನ್ನೆ ಐದು ಗಂಟೆಗೆ ಕಡ್ಡಿ ಪರೀಕ್ಷೆಗೆ ಅಂತ ಹೊಸ ಚಪ್ಪಲಿ ತರಲು ಹೋದಳು. "ಬರ್ತೀಯಾ ಅಪ್ಪ?" ಅಂತ ಕೇಳಿದಳು. ಕಾಲು ನೋವು ಅಂದೆ. ಬಾಗಿಲು ಹಾಕಿಕೊಂಡ ಸದ್ದು, ಮೆಟ್ಟಿಲಿನ ಸದ್ದು. ಪೆಟ್ಟಿಗೆ ತೆರೆದೆ. ಇಪ್ಪತ್ತು ಗ್ರಾಮಿನದನ್ನು ಎತ್ತಿದೆ, ಎರಡು ಬೆರಳಲ್ಲಿ, ಬರಿಗೈಯಲ್ಲಿ. ತಣ್ಣಗಿತ್ತು. ಇಷ್ಟು ವರ್ಷ ಜೊತೆಗಿದ್ದು ಅದು ತಣ್ಣಗಿರುತ್ತದೆ ಅಂತ ಗೊತ್ತೇ ಇರಲಿಲ್ಲ. ಹೆಬ್ಬೆರಳನ್ನು ಕೆನ್ನೆಗೆ ಉಜ್ಜಿ, ಅದರ ತಲೆಯ ಮೇಲೆ ಒತ್ತಿದೆ. ಮತ್ತೆ ಒತ್ತಿದೆ. ಗುಳಿಯಲ್ಲಿ ಇಟ್ಟೆ. ಪೆಟ್ಟಿಗೆ ಮುಚ್ಚಿದೆ.

ಕೆಟ್ಟದ್ದು ಬಯಸಲಿಲ್ಲ. ಒಂದೆರಡು ಅಂಕಿ ಹೆಚ್ಚು ಬರುತ್ತದೆ, ಅವಳು ತಿರುಗಿ ನನ್ನ ಕಡೆ ನೋಡುತ್ತಾಳೆ, ಅಪ್ಪ ಏನಿದು ಅನ್ನುತ್ತಾಳೆ, ನಾನು ಎದ್ದು ಹೋಗಿ ಸರಿ ಮಾಡುತ್ತೇನೆ. ಕೋಟು ನೋಡಲಿ. ದಟ್ ಈಸ್ ಆಲ್. ಅಷ್ಟೇ ಇದ್ದದ್ದು ತಲೆಯಲ್ಲಿ.

ಈಗ ಅವಳು ಏಳುವುದರೊಳಗೆ ಒರೆಸಿಬಿಡಬಹುದು. ಸ್ಪಿರಿಟ್ ಇದೆ, ಬಟ್ಟೆ ಇದೆ. ಹತ್ತು ನಿಮಿಷದ ಕೆಲಸ.

ಎದ್ದಳು.

ಅದೇ ದಿನ, 4 ಗಂಟೆ

ಅಂದುಕೊಂಡ ಹಾಗೆ ಒಂದೂ ಆಗಲಿಲ್ಲ.

ಮೇಡಂ ಕೂತಿದ್ದರು, ಕೋಟು ಪಕ್ಕದಲ್ಲಿ, ನಾನು ಗೋಡೆಯ ಹತ್ತಿರ ಸ್ಟೂಲಿನ ಮೇಲೆ. ಮೊದಲ ಸಲ ಹೆಚ್ಚು ಬಂತು. ಎರಡನೆಯ ಸಲವೂ. ಮೂರನೆಯದಕ್ಕೆ ಕಡ್ಡಿ ಕೈ ಹಿಂದೆ ತೆಗೆದುಕೊಂಡಳು. ಕಾರ್ಖಾನೆಯ ಸ್ವಂತ ಬಟ್ಟು ಕೇಳಿ ಪಡೆದು ಇಟ್ಟು ನೋಡಿದಳು. ಅದು ಸರಿಯಾಗಿ ಬಂತು. ಅಲ್ಲಿಗೆ ತಕ್ಕಡಿ ಸರಿ ಇದೆ, ನಮ್ಮ ಬಟ್ಟೇ ತಪ್ಪು. ನಮ್ಮದನ್ನು ಚಿಮಟದಲ್ಲಿ ಎತ್ತಿ ದೀಪದ ಕೆಳಗೆ ಓರೆ ಹಿಡಿದಳು. ಬಹಳ ಹೊತ್ತು ನೋಡಿದಳು. ನಾನು ಮುಂದಕ್ಕೆ ಬಾಗಿ ಕೂತಿದ್ದೆ, ಕರೆದರೆ ಏಳೋಣ ಅಂತ. ತಿರುಗಿಯೇ ನೋಡಲಿಲ್ಲ.

"ಬೆರಳಿನ ಗುರುತಿದೆ ಮೇಡಂ" ಅಂದಳು. "ಪೆಟ್ಟಿಗೆ ನನ್ನ ಜವಾಬ್ದಾರಿ. ತಪ್ಪು ನನ್ನದೇ."

"ಇದು ಹೊಸಬರು ಮಾಡೋ ತಪ್ಪಲ್ವಾ?" ಅಂದರು ಮೇಡಂ.

"ಹೌದು ಮೇಡಂ."

ಮೇಡಂ ಏನೋ ಬರೆದುಕೊಂಡರು. ತಿಳಿಸ್ತೀವಿ ಅಂದರು. ಕೋಟು ಮಾತ್ರ ಕನ್ನಡಕ ತೆಗೆದು ಒರೆಸುತ್ತಾ, ಅವಳನ್ನಲ್ಲ, ನನ್ನನ್ನು ನೋಡುತ್ತಿದ್ದರು.

ಮಾರ್ಚ್ 8, ಶನಿವಾರ. ಬೆಳಿಗ್ಗೆ 8.00

ನಿನ್ನೆ ಕಡ್ಡಿ ಲಾಡ್ಜಿಗೆ ಬಂದು ಬಟ್ಟೆ ಮಡಿಸುತ್ತಾ ಕೂತಳು. ನನ್ನ ಅಂಗಿಗಳನ್ನೂ ಮಡಿಸಿದಳು. ಆಮೇಲೆ, ತಲೆ ಎತ್ತದೆ,

"ಎರಡು ಕಿಲೋ ವಿಷಯ ಸರ್ ನಿಂಗೆ ಹೇಳಿಬಿಟ್ರಂತೆ."

"ಹೂಂ."

"ಅವರಿಗ್ಯಾಕೆ ಹೇಳ್ದೆ ಅಂತ ಕೋಪನಾ?"

"ಕೋಪ ಎಲ್ಲಿಂದ ಬಂತು. ಯಾರಿಗೆ ಬೇಕಾದ್ರೂ ಹೇಳ್ಕೋ."

"ನಿಂಗೆ ಹೇಳೋಕೆ ಹೊರಟಾಗಲೆಲ್ಲ ನೀನು ಬಟ್ಟು ಒರೆಸ್ತಾ ಇರ್ತೀಯ ಅಪ್ಪ. ಒರೆಸ್ತಾ ಇದ್ದೋರನ್ನ ಮಾತಾಡಿಸಬಾರದು ಅಂತ ಕಲಿಸಿದ್ದೂ ನೀನೇ."

ಮಡಿಸಿಟ್ಟ ಅಂಗಿಯೊಂದನ್ನು ಬಿಡಿಸಿ ಮತ್ತೆ ಮಡಿಸಿದೆ.

"ಅಮ್ಮನಿಗೋಸ್ಕರ ಬಂದೆ ನಿನ್ನ ಜೊತೆ. ಅವಳೇ ಹೇಳಿದ್ಲು, ಒಂದೆರಡು ವರ್ಷ ಇರು ಅಂತ. ನಾಲ್ಕಾಯ್ತು. ನಂಗೆ ಈ ಕೆಲಸ ಬೇಕಿತ್ತು." ಎದ್ದು ನಿಂತು, "ಕೈ ತೊಳ್ಕೋ, ಊಟಕ್ಕೆ ಹೋಗೋಣ" ಅಂದಳು.

ಕೈ ತೊಳ್ಕೋ ಅಂದಳು. ಅಷ್ಟೇ ಅಂದದ್ದು. ಇನ್ನೇನು ಅನ್ನಬೇಕು. ಪೆಟ್ಟಿಗೆ ತೆರೆಯುವವರು ನಾವಿಬ್ಬರೇ.

10.40. ಕಾರ್ಖಾನೆ

ಕೋಟಿನ ಕೋಣೆಯ ಹೊರಗೆ ಬೆಂಚು. ಒಳಗೆ ಮೇಡಂ ಕೂಡ ಇದ್ದಾರಂತೆ, ಹನ್ನೆರಡರ ಟ್ರೈನಿಗೆ ಹೊರಡುವವರು. ಕಡ್ಡಿ ಮೇಲೆ ಕೊನೆಯ ಎರಡು ತಕ್ಕಡಿ ಮುಗಿಸುತ್ತಿದ್ದಾಳೆ. ಇನ್ನೊಂದು ಪೆನ್ ತರುತ್ತೇನೆ ಅಂತ ಇಳಿದು ಬಂದೆ.

ಹೇಳಿದರೆ ನನ್ನ ಕಸುಬು ಮುಗಿಯಿತು. ಬಟ್ಟನ್ನು ಬೇಕಂತ ಮುಟ್ಟಿದವನನ್ನು ಯಾವ ಲ್ಯಾಬೂ ಒಳಗೆ ಬಿಡುವುದಿಲ್ಲ. ನಾನಾಗಿದ್ದರೆ ನಾನೂ ಬಿಡುತ್ತಿರಲಿಲ್ಲ. ಹೇಳದಿದ್ದರೆ ನಾಳೆ ಬಸ್ಸು, ಕಿಟಕಿ ಪಕ್ಕ ಅವಳು, ಪೆಟ್ಟಿಗೆ ನನ್ನ ತೊಡೆಯ ಮೇಲೆ. ಮುಂದಿನ ಊರು. ಶಿ ವಿಲ್ ಕಮ್. ಅವಳು ಬಂದೇ ಬರುತ್ತಾಳೆ, ಅದೇ ಭಯ.

ಇಂಗ್ಲಿಷಿನಲ್ಲಿ ಹೇಳೋಣ ಅಂತ ಕೂಡಿಸುತ್ತಿದ್ದೆ. ಮೇಡಂ, ದಿ ಥಂಬ್ ಈಸ್ ಮೈನ್. ನಗುತ್ತಾರೆ. ಕನ್ನಡವೇ ಸರಿ, ಇಲ್ಲೇ ಬರೆದುಕೊಂಡು ಓದಿಬಿಡುತ್ತೇನೆ:

ಮೊನ್ನೆ ಗುರುವಾರ ಸಂಜೆ ಐದು ಗಂಟೆಗೆ, ಮಗಳು ಕೋಣೆಯಲ್ಲಿ ಇಲ್ಲದಾಗ, ಇಪ್ಪತ್ತು ಗ್ರಾಮಿನ ಬಟ್ಟನ್ನು ಬರಿಗೈಯಲ್ಲಿ ಮುಟ್ಟಿದವನು ನಾನು. ಕೈತಪ್ಪಿ ಅಲ್ಲ. ಗೊತ್ತಿದ್ದೇ ಮುಟ್ಟಿದೆ. ಏಕೆಂದರೆ

ಕುರ್ಚಿ ಸರಿದ ಸದ್ದು. ಬಾಗಿಲು ತೆರೆದರು. ಕೋಟೇ. "ಬನ್ನಿ, ನಿಮ್ಮನ್ನೇ ಕಾಯ್ತಿದ್ದೆ" ಅನ್ನುತ್ತಿದ್ದಾರೆ. ಏಕೆಂದರೆ—